ಕಲ್ಲಿನ ಗಿಡಕ್ಕೆ ಅಕ್ಕಚ್ಚು

ಅಥವಾ ಅದು ಬಕೆಟ್ ಆಗಿರಲೇ ಇಲ್ಲವೇನೋ. ಇಲ್ಲಿ ಬೆಲ್ವ್ಯೂನಲ್ಲಿ, ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ, ಅತ್ತೆ ನೀರು ಹಾಕಿ ಗಿಡ ಕೊಂದ ಈ ಕಥೆಯನ್ನು ನಾನು ಹೇಳಲು ಶುರು ಮಾಡಿದಾಗ ಅತ್ತೆಯ ಕೈಯಲ್ಲಿ ಬರೀ ಲೋಟವಿತ್ತು. ಇನ್ನೊಬ್ಬರ ಮನೆಯಲ್ಲಿ ಅದು ಚೊಂಬಾಯಿತು. ಜನ ನಕ್ಕಷ್ಟೂ ಪಾತ್ರೆ ದೊಡ್ಡದಾಗುತ್ತ ಬಕೆಟ್ ಆಯಿತು.

ಗಿಡ ನಮ್ಮದಲ್ಲ, ಪಕ್ಕದ ಮನೆಯ ಅಜ್ಜಿಯದು. ಮಂಡಿ ಆಪರೇಷನ್ನಿಗೆಂದು ಮಗಳ ಮನೆಗೆ ಹೊರಟಾಗ ಕಲ್ಲಿನ ತೊಟ್ಟಿಯೊಂದನ್ನು ನಮ್ಮ ಹಿತ್ತಿಲಲ್ಲಿ ಇರಿಸಿ ಹೋಗಿದ್ದರು. ಒಳಗೆ ಜಲ್ಲಿ, ಜಲ್ಲಿಗೆ ಅಂಟಿ ಚಾಪೆಯಂತೆ ಹರಡಿದ ಹಸಿರು. ಹಿಮದ ಬೆಟ್ಟಗಳ ಗಿಡ. ನೆಲದಿಂದ ಒಂದು ಬೆರಳೂ ಏಳುವುದಿಲ್ಲ. ತೀರಿಹೋದ ಗಂಡ ಬೀಜದಿಂದ ಬೆಳೆಸಿದ್ದಂತೆ. "ನೀರು ಬೇಡ, ಗೊಬ್ಬರ ಬೇಡ. ಮಳೆ ಬೀಳದ ಹಾಗೆ ಮೇಲೊಂದು ಗಾಜು ಇರಲಿ. ದಯವಿಟ್ಟು ಉಪಚಾರ ಮಾಡಬೇಡ" ಎಂದಿದ್ದರು. ಮೈಸೂರಿನವರಿಗೆ ಹೇಳುವ ಮಾತೇ ಇದು! ಸೊರಗಿದ್ದು ಏನು ಕಂಡರೂ ಬಡಿಸಲು ನಮ್ಮ ಕೈ ತುರಿಸುತ್ತದೆ.

ಡಿಸೆಂಬರಿನಲ್ಲಿ ಮೈಸೂರಿನಿಂದ ಅತ್ತೆ ಬಂದರು. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲುವುದು ಅವರ ಪ್ರಕಾರ ಪಾಪ. ಅಕ್ಕಚ್ಚು ಗಿಡಕ್ಕೇ ಹೋಗಬೇಕು.

"ಅತ್ತೆ, ಆ ತೊಟ್ಟಿಗೆ ಮಾತ್ರ ಹಾಕ್ಬೇಡಿ. ಸತ್ತೋಗತ್ತೆ."

"ನೀರು ಕುಡಿದು ಸಾಯೋ ಗಿಡ ಇವತ್ತೇ ಕೇಳ್ತಿರೋದು ಕಣಮ್ಮ. ಬರೀ ಜಲ್ಲಿ ಹಾಕಿದಾರೆ, ಅದೇನು ಗಿಡನೋ ರಸ್ತೆನೋ?"

"ಅಜ್ಜಿ ಹಾಗೇ ಹೇಳಿದಾರೆ."

"ನೀನು ಕಡ್ಡಿ ಆಗಿರೋದ್ನೂ ಚೆನ್ನಾಗಿದೆ ಅಂದೋರಲ್ವಾ ಅವ್ರು?"

ಫೆಬ್ರವರಿಗೆ ಚಾಪೆಯ ನಡುವೆ ಕಂದು ಗುಳಿ. ಮಾರ್ಚಿನಲ್ಲಿ ಬೆರಳು ತಾಗಿಸಿದರೆ ಇಡೀ ಚಾಪೆ ಕಳಚಿ ಬಂತು, ಕೊಳೆತ ವಾಸನೆಯೊಂದಿಗೆ.

ಮಗಳ ಮನೆಯಿಂದ ಮರಳಿದ ಅಜ್ಜಿ ಊರುಗೋಲು ಊರಿಕೊಂಡು ಬಂದು ತೊಟ್ಟಿಯ ಮುಂದೆ ನಿಂತರು. "ನಮ್ಮತ್ತೆ ನೀರು ಹಾಕಿಬಿಟ್ಟರು" ಎಂದು ಇಂಗ್ಲಿಷಿನಲ್ಲಿ ಹೇಳಿ ಅಡುಗೆಮನೆಯ ಬಾಗಿಲ ಕಡೆ ಬೆರಳು ತೋರಿಸಿದೆ. ಅಲ್ಲಿ ನಿಂತಿದ್ದ ಅತ್ತೆಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ಬೆರಳು ಅರ್ಥವಾಗುತ್ತದೆ. ಅಜ್ಜಿ ಕೊಳೆತದ್ದನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಮರುದಿನದಿಂದ ಅತ್ತೆ ಅಕ್ಕಚ್ಚನ್ನು ಸಿಂಕಿಗೇ ಚೆಲ್ಲತೊಡಗಿದರು.

ಪಾಟ್‌ಲಕ್‌ಗಳಲ್ಲಿ ನಾನು ಹೇಳದ ಭಾಗವೂ ಇದೆ. ಅತ್ತೆ ಬರುವ ಮೊದಲೇ, ನವೆಂಬರಿನಲ್ಲಿ, ಗಿಡ ಬಡಕಲಾಗಿ ಕಂಡು ನಾನೇ ಒಂದು ಹಿಡಿ ಗೊಬ್ಬರ ಉದುರಿಸಿದ್ದೆ. ಗಾಳಿಗೆ ಗಾಜು ಜಾರಿದ್ದನ್ನು ಕಿಟಕಿಯಿಂದ ಕಂಡು, ಮೀಟಿಂಗ್ ಮುಗಿಯಲಿ ಎಂದುಕೊಂಡಿದ್ದೆ. ಅದು ಎಷ್ಟು ದಿನಗಳ ಮೀಟಿಂಗೋ. ಆ ತಿಂಗಳ ಫೋಟೋ ಒಂದು ಫೋನಿನಲ್ಲಿದೆ: ಚಾಪೆಯ ನಡುವೆ ಕಪ್ಪು ಕಲೆ. ಅದು ಕೊಳೆತದ್ದೋ, ನನ್ನ ಕೈಯ ನೆರಳೋ, ಎಷ್ಟು ಹಿಗ್ಗಿಸಿ ನೋಡಿದರೂ ತಿಳಿಯುವುದಿಲ್ಲ.

ಅತ್ತೆ ಆ ತೊಟ್ಟಿಗೆ ಸುರಿದದ್ದನ್ನು ಕಣ್ಣಾರೆ ಕಂಡಿದ್ದೆನೇ, ಇಲ್ಲಾ ಹೇಳಿ ಹೇಳಿ ಕಂಡಂತಾಯಿತೇ, ಅದೂ ಗೊತ್ತಿಲ್ಲ. ಅವರನ್ನು ನಾನು ಕೇಳಿಲ್ಲ.