ಬಚ್ಚಲಲ್ಲಿ ಪದರು ಬಿಟ್ಟ ಹಲಗೆ

2023ರ ಸಂಕ್ರಾಂತಿಯ ನಂತರದ ವಾರದ ಮಾತು. ನಾನು ಹಾನಗಲ್ಲಿನಲ್ಲಿ ಬಡಿಗತನ ಮಾಡುತ್ತೇನೆ. ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಇವೇ ನನ್ನ ಕೆಲಸ. ಸಮುದ್ರವನ್ನು ಆವರೆಗೆ ನೋಡಿರಲಿಲ್ಲ. ಆದರೂ ಒಂದು ಹಾಯಿದೋಣಿ ರಿಪೇರಿ ಮಾಡುವ ಕೆಲಸ ಬಂದಿತ್ತು.

ದೋಣಿ ಪಾಟೀಲರದು. ಕಾರವಾರದ ಬಂದರಿನಲ್ಲಿ ನೌಕರಿ ಮಾಡಿ, ನಿವೃತ್ತರಾಗಿ ಊರಿಗೆ ಬಂದವರು. ಇಬ್ಬರು ಮಲಗುವಷ್ಟು ಕೋಣೆ ಇರುವ ಹಳೆಯ ಪ್ಲೈವುಡ್ ದೋಣಿಯನ್ನು ಲಾರಿಯಲ್ಲಿ ತಂದು ಹಿತ್ತಲಲ್ಲಿ ನಿಲ್ಲಿಸಿದ್ದರು. ಅದನ್ನು ಸರಿಮಾಡಿಸಿ, ಹೆಂಡತಿಯನ್ನು ಕೂರಿಸಿಕೊಂಡು ಕಾರವಾರದಿಂದ ಗೋವಾಕ್ಕೆ ಹೋಗಬೇಕೆಂಬುದು ಅವರ ಬಹುದಿನದ ಆಸೆ.

ಉಳಿಯ ಹಿಡಿಯಿಂದ ದೋಣಿಯ ತಳವನ್ನು ಬಡಿದು ನೋಡುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ಕೊಳೆತಲ್ಲಿ ಸಪ್ಪಳವೇ ಇರಲಿಲ್ಲ. ಮೂರು ಕಡೆ ಬಣ್ಣದ ಕೆಳಗೆ ಕಟ್ಟಿಗೆ ಚಹಾದಲ್ಲಿ ಅದ್ದಿದ ಟೋಸ್ಟಿನಂತಾಗಿತ್ತು. ಗಟ್ಟಿ ಕಟ್ಟಿಗೆ ಸಿಗುವತನಕ ಕತ್ತರಿಸಿ ತೆಗೆದೆ. ಅಂಚನ್ನು ಇಳಿಜಾರಾಗಿ ಹೆರೆದು, ಹೊಸ ತುಂಡು ಅಂಟಿಸಿ, ಬಣ್ಣ ಬಳಿದೆ. ಜೋಡಿಸಿದ ಗುರುತೂ ಕಾಣುತ್ತಿರಲಿಲ್ಲ. ಪಾಟೀಲರು ಕೈಯಾಡಿಸಿ ನೋಡಿ ಖುಷಿಪಟ್ಟರು.

ಆದರೆ ನಾನೊಂದು ತಪ್ಪು ಮಾಡಿದ್ದೆ. ಸಮುದ್ರದ ಕೆಲಸಕ್ಕೆಂದೇ ಬರುವ ಪ್ಲೈವುಡ್ ಹುಬ್ಬಳ್ಳಿಯಿಂದ ತಾ ಎಂದು ಅವರು ಹೇಳಿದ್ದರು. ನಾನು ಕಪಾಟುಗಳಿಗೆ ಹಾಕುವ ವಾಟರ್‌ಪ್ರೂಫ್ ಪ್ಲೈವುಡ್ಡನ್ನೇ ಹಾಕಿದ್ದೆ. ಹತ್ತು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗುವುದಿಲ್ಲ ಎಂದು ನಂಬಿದ್ದೆ. ಅವರಿಗೆ ಹೇಳಿರಲೂ ಇಲ್ಲ.

ಉಳಿದ ಒಂದು ತುಂಡನ್ನು ನನ್ನ ಹೆಂಡತಿ ಶಾಂತವ್ವ ಬಚ್ಚಲಲ್ಲಿ ಕಾಲಿಡಲು ಹಾಕಿಕೊಂಡಿದ್ದಳು. ದೋಣಿ ಒಯ್ಯಲು ಲಾರಿ ಬರುವ ಹಿಂದಿನ ದಿನ ಅದನ್ನು ತಂದು ನನ್ನ ಮುಂದಿಟ್ಟಳು.

“ನಿಮ್ಮ ಹಲಗಿ ನೋಡ್ರಿ. ಉಳ್ಳಾಗಡ್ಡಿ ಬಿಚ್ಚಿದಂಗ ಬಿಚ್ಚೇತಿ.”

ಬಿಸಿನೀರು ಬಿದ್ದೂ ಬಿದ್ದೂ ಪದರುಗಳು ಬಿಟ್ಟಿದ್ದವು. ದೋಣಿಗೆ ಹಾಕಿದ್ದೂ ಇದೇ. ದೋಣಿಗೆ ಬಣ್ಣ ಬಳಿದಿದ್ದೇನೆ, ಒಳಗೆ ನೀರು ಹೋಗಲಿಕ್ಕಿಲ್ಲ ಎಂದೆ. ಅವಳು ಒಪ್ಪಲಿಲ್ಲ.

“ಹೇಳಿದ್ರ ಬೈತಾರ, ಅಷ್ಟ. ಹೇಳ್ದಿದ್ರ ಆ ಇಬ್ಬರೂ ನಡು ನೀರಾಗ ಇರ್ತಾರ. ಹೋಗಿ ಬೈಸ್ಕೊಂಡು ಬರ್ರಿ.”

ಆ ತುಂಡನ್ನು ಹಿಡಿದುಕೊಂಡು ಹೋದೆ. ಪಾಟೀಲರ ಮನೆಯಲ್ಲಿ ಚೀಲಗಳು ತುಂಬಿ ಸಿದ್ಧವಾಗಿದ್ದವು. ಹಾಕಿದ್ದು ಹುಬ್ಬಳ್ಳಿಯದಲ್ಲ ಎಂದು ಹೇಳಿ ತುಂಡನ್ನು ಅವರ ಕೈಗೆ ಕೊಟ್ಟೆ. ಅವರು ಒಂದೊಂದೇ ಪದರು ಸುಲಿದು ಪಕ್ಕಕ್ಕಿಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ಮೂರೂ ಕಡೆ ಇದನ್ನ ಹಾಕೀಯೇನು?”

“ಹೌದ್ರಿ.”

“ಇವತ್ತ ಬಂದು ಹೇಳಿದಿ. ಛಲೋ ಆತು,” ಎಂದು ಲಾರಿಯವನಿಗೆ ಫೋನ್ ಮಾಡಿ, ನಾಳೆ ಬರುವುದು ಬೇಡ ಎಂದರು.

ಅವರ ಹೆಂಡತಿ ಒಳಗಿನಿಂದ ಬಂದು ನನಗೆ ಹೇಳಿದರು. “ಕಟ್ಟಿಟ್ಟ ಒಣಾ ಕಟಕ್ ರೊಟ್ಟಿ ಹದಿನೈದು ದಿನ ಕೆಡೂದಿಲ್ಲೋ ಮೌನೇಶ. ಅಷ್ಟರಾಗ ಮುಗಸು. ಇಲ್ಲಂದ್ರ ಮತ್ತ ರೊಟ್ಟಿ ಬಡಿಯಾಕ ನೀನ ಬರಬೇಕು ನೋಡು.”

ಮರುದಿನವೇ ಹುಬ್ಬಳ್ಳಿಗೆ ಹೋದೆ. ತಂದ ಪ್ಲೈವುಡ್ಡಿನ ಒಂದು ಚೂರನ್ನು ಬಚ್ಚಲ ಹಂಡೆಯಲ್ಲಿ ಹಾಕಿ ಇಡೀ ದಿನ ಕುದಿಸಿದೆವು. ಶಾಂತವ್ವ ಉಗುರು ಹಾಕಿ ಎಳೆದಳು, ಒಂದು ಪದರೂ ಬಿಡಲಿಲ್ಲ. ಆಮೇಲೆ ನಾನು ಅಷ್ಟು ಚೆಂದ ಕೂರಿಸಿದ್ದ ಮೂರು ತುಂಡುಗಳನ್ನು ನನ್ನ ಉಳಿಯಿಂದಲೇ ಒಡೆದು ತೆಗೆದೆ. ಹನ್ನೆರಡು ದಿನಕ್ಕೆ ಕೆಲಸ ಮುಗಿಯಿತು.

ಕಾರವಾರಕ್ಕೆ ನಾನೂ ಹೋದೆ. ದೋಣಿಯನ್ನು ನೀರಿಗಿಳಿಸಿದ ಮೇಲೆ ಪಾಟೀಲರು ಹತ್ತಲಿಲ್ಲ, “ಮಾಡಿದಾಂವ ನೀನು, ಮೊದಲ ನೀನ ಹತ್ತು” ಎಂದರು. ನನಗೆ ಈಜು ಬಾರದು. ಒಳಗೆ ಹೋಗಿ, ಮೂರು ಜಾಗಗಳ ಮೇಲೂ ಅಂಗೈ ಇಟ್ಟು ನೋಡುತ್ತಾ ಒಂದು ತಾಸು ಕುಳಿತೆ. ಕೆಳಗೆ ಸಮುದ್ರ ತಟ್ಟುವುದು ಕೈಗೆ ತಿಳಿಯುತ್ತಿತ್ತು. ಹಲಗೆಯಲ್ಲಿ ಒಂದು ಹನಿಯೂ ಇರಲಿಲ್ಲ.

“ಏನಂತೈತಿ?” ಎಂದು ಪಾಟೀಲರು ಬಗ್ಗಿ ಕೇಳಿದರು.

“ಒಣಾ ಐತ್ರಿ,” ಎಂದೆ.

ಆಗ ಅವರು ಹೆಂಡತಿಯ ಕೈ ಹಿಡಿದು ದೋಣಿ ಹತ್ತಿಸಿದರು.

ಈಗ ಯಾವ ಕೆಲಸ ಒಪ್ಪಿಸುವಾಗಲೂ ಒಳಗೆ ಏನು ಹಾಕಿದ್ದೇನೆಂದು ಮೊದಲು ಹೇಳುತ್ತೇನೆ. ಒಮ್ಮೊಮ್ಮೆ ಜನ ನಗುತ್ತಾರೆ. ಆದರೆ ಒಣಗಿಯೇ ಇದ್ದ ಆ ಹಲಗೆಯ ಮೇಲೆ ಕೈಯಿಟ್ಟು ಕುಳಿತ ಒಂದು ತಾಸು ನೆನಪಾದರೆ ಇವತ್ತಿಗೂ ಮೈ ಹಗುರಾಗುತ್ತದೆ.