ಎಡಭುಜದ ಪ್ಯಾಡು

ರಂಜನಾ ಹೊಲಿದ ಬ್ಲೌಸಿನಲ್ಲಿ ಕೊಂಕು ತೆಗೆಯುವವರು ಕೋಥರೂಡ್ ಬಡಾವಣೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಂತ ಅವಳೇ ಹೇಳಿಕೊಳ್ಳುತ್ತಾಳೆ, ಸುಳ್ಳೂ ಅಲ್ಲ. ಜಮಖಂಡಿ ಕಡೆಯ ಹೆಣ್ಣುಮಗಳು, ವಸತಿ ಸೊಸೈಟಿಯ ಪಾರ್ಕಿಂಗ್ ಪಕ್ಕದ ಪುಟ್ಟ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಯುತ್ತಾಳೆ. ಗಿರಾಕಿಗಳ ಜೊತೆ ಮರಾಠಿ, ಕೈಕೊಟ್ಟ ಮಶೀನಿಗೆ ಬೈಯಲು ಕನ್ನಡ. ಯಾರ ಮೈಯೂ ಎರಡು ಕಡೆ ಸಮ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಒಂದು ಭುಜ ಇಳಿದಿದ್ದರೆ ಅಲ್ಲೊಂದು ತೆಳ್ಳನೆ ಪ್ಯಾಡು ಇಟ್ಟು ಹೊಲಿದುಬಿಡುತ್ತಾಳೆ. ಗಿರಾಕಿಗೆ ಹೇಳುವುದಿಲ್ಲ, ಹೇಳಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಹೆತ್ತ ಮಗಳಿಗೂ ಹಾಗೇ ಮಾಡಿದಳು. ಶಿವಾನಿಗೆ ಹನ್ನೆರಡು ತುಂಬಿದಾಗ ಎಡಭುಜ ತುಸು ಇಳಿದಂತೆ ಕಂಡಿತು. ಯೂನಿಫಾರ್ಮಿನ ಎಡಗಡೆ ಒಂದು ಪ್ಯಾಡು ಇಟ್ಟಳು. ಆರು ತಿಂಗಳಿಗೆ ಅದು ಸಾಲದೆ ಎರಡು ಪದರ ಇಟ್ಟಳು. ಕೈ ತನ್ನ ಪಾಡಿಗೆ ಕೆಲಸ ಮಾಡಿತು, ತಲೆ ಯಾಕೆಂದು ಕೇಳಲಿಲ್ಲ.

ಕಳೆದ ಜೂನಿನಲ್ಲಿ ಶಾಲೆಯವರು ಇನ್ನು ಮುಂದೆ ರೆಡಿಮೇಡ್ ಯೂನಿಫಾರ್ಮೇ ಆಗಬೇಕೆಂದರು. ಅಂಗಡಿಯ ಅಂಗಿ ತೊಟ್ಟು ಶಿವಾನಿ ಎದುರಿಗೆ ನಿಂತಳು. ಅಂಗಿ ಒಂದು ಕಡೆ ಜಾರಿ ನಿಂತಿತ್ತು. ರಂಜನಾ ಮಗಳನ್ನು ಬಗ್ಗಿಸಿ ನೋಡಿದಳು. ಬೆನ್ನಿನ ಬಲಭಾಗ ಉಬ್ಬಿ ಮೇಲೆದ್ದಿತ್ತು.

ಎಕ್ಸ್‌ರೇ ನೋಡಿದ ಡಾಕ್ಟರು ಇದಕ್ಕೆ ಸ್ಕೋಲಿಯೋಸಿಸ್ ಅನ್ನುತ್ತಾರೆ, ಬೆನ್ನೆಲುಬು ಮೂವತ್ತೆರಡು ಡಿಗ್ರಿ ಬಾಗಿದೆ ಎಂದರು. ರಂಜನಾಳ ಗಂಡ ಸಂಜು ಶಾಲೆಯ ಚೀಲದ ಭಾರವೇ ಇದಕ್ಕೆ ಕಾರಣ ಎಂದು ವಾದಕ್ಕಿಳಿದ. "ಚೀಲವೂ ಅಲ್ಲ, ಕೂರುವ ರೀತಿಯೂ ಅಲ್ಲ. ಕಾರಣ ಯಾರಿಗೂ ಗೊತ್ತಿಲ್ಲ," ಎಂದರು ಡಾಕ್ಟರು ಮರಾಠಿಯಲ್ಲಿ. "ಈ ವಯಸ್ಸಿನ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹೀಗಿರುತ್ತದೆ. ಹೆಚ್ಚಿನವರಿಗೆ ಆಗಾಗ ನೋಡುತ್ತಿದ್ದರೆ ಸಾಕು. ಇವಳು ಇನ್ನೂ ಬೆಳೆಯುತ್ತಿದ್ದಾಳೆ, ಬ್ರೇಸ್ ಹಾಕಬೇಕು. ನಲವತ್ತೈದು ಐವತ್ತು ದಾಟಿದರೆ ಆಪರೇಷನ್ ಮಾತು. ಅಲ್ಲಿಗೆ ಮುಟ್ಟುವವರು ಸಾವಿರ ಮಕ್ಕಳಲ್ಲಿ ಒಬ್ಬರೋ ಇಬ್ಬರೋ."

ಬೇರೆಯವರಿಗೆ ಇದು ಸಮಾಧಾನದ ಮಾತು. ರಂಜನಾಳಿಗೆ ಆ ಸಾವಿರದಲ್ಲಿ ಒಬ್ಬಳು ಮಾತ್ರ ಕಂಡಳು.

"ಮೊದಲೇ ಕಂಡಿರಲಿಲ್ಲವೇ?" ಎಂದು ಡಾಕ್ಟರು ಕೇಳಿದರು. ರಂಜನಾ ಇಲ್ಲವೆಂದು ತಲೆಯಾಡಿಸಿದಳು.

ಕಂಕುಳಿನಿಂದ ಸೊಂಟದವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಬ್ರೇಸು, ದಿನಕ್ಕೆ ಹದಿನೆಂಟು ತಾಸು. ಹುಡುಗಿ ಹಾಕಿಕೊಂಡಳು. ತಾಯಿಗೇ ತಡೆಯಲಾಗಲಿಲ್ಲ. ಬ್ರೇಸು ಬಿಚ್ಚಿದಾಗೆಲ್ಲ ಟೇಪು ಹಿಡಿದು ಭುಜ ಅಳೆಯುವಳು, ಒಂದು ನೂಲಿನಷ್ಟು ವ್ಯತ್ಯಾಸ ಹೆಚ್ಚು ಕಂಡರೆ ಅವತ್ತು ಊಟ ಸೇರದು. "ಟೇಪಿನಾಗ ಡಿಗ್ರಿ ಬರ್ತಾವೇನು?" ಎಂದು ಶಿವಾನಿ ಸಿಡುಕಿದ ಮೇಲೆ ನಿಲ್ಲಿಸಿದಳು. ಒಂದು ವರ್ಷ ಮೊದಲೇ ತೋರಿಸಿದ್ದರೆ ಎಂಬ ಮಾತು ಒಳಗೇ ಕುದಿಯಿತು. ಗಂಡನಿಗೂ ಹೇಳಲಿಲ್ಲ.

ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ. ಫಿಲ್ಮು ಡಾಕ್ಟರ ಕೋಣೆಯೊಳಗೆ ಹೋಗಿತ್ತು, ತಾಯಿ ಮಗಳು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನಾಲ್ಕು ಜನರನ್ನು ಕರೆದರು, ಇವರನ್ನು ಕರೆಯಲಿಲ್ಲ. ತಡವಾದಷ್ಟೂ ಆಪರೇಷನ್ನೇ ಖಾತ್ರಿ ಎನಿಸತೊಡಗಿತು ರಂಜನಾಳಿಗೆ. ಇನ್ನು ತಡೆಯಲಾಗಲಿಲ್ಲ.

"ಶಿವಾನಿ, ನನಗ ಮೊದಲ ಕಂಡಿತ್ತು. ನಿನ್ನ ಅಂಗಿಗೆ ಎಡಗಡೆ ಪ್ಯಾಡ್ ಇಡತಿದ್ದೆ. ಯಾರಿಗೂ ಹೇಳಿಲ್ಲ."

ಶಿವಾನಿ ಬಾಗಿಲ ಕಡೆಯೇ ನೋಡುತ್ತಿದ್ದಳು. "ಗೊತ್ತದ ಮಮ್ಮಿ. ಇಸ್ತ್ರಿ ಮಾಡೋ ಮುಂದ ಕೈಗೆ ಹತ್ತತಿತ್ತು. ಕನ್ನಡಿಯೊಳಗ ನನಗೂ ಕಂಡಿತ್ತು. ಮಮ್ಮಿಗ ಗೊತ್ತದ, ಆದರೂ ಸುಮ್ಮನದಾಳ, ಅಂದ್ರ ಹೆದರೋದೇನಿಲ್ಲ ಅಂತ ನಾನೂ ಸುಮ್ಮನಿದ್ದೆ."

ಬೈದಿದ್ದರೆ ರಂಜನಾ ತಡೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಕೂಗಿದರು.

"ಮೂವತ್ತಮೂರು," ಎಂದರು ಡಾಕ್ಟರು. "ಒಂದೆರಡು ಡಿಗ್ರಿ ಅಳತೆಯಲ್ಲೇ ಹೆಚ್ಚುಕಡಿಮೆ ಆಗುತ್ತದೆ. ಬ್ರೇಸ್ ಹಿಡಿದಿದೆ. ಬೆಳವಣಿಗೆ ನಿಲ್ಲುವ ತನಕ ಬಿಡಬಾರದು. ಈಗ ಆಪರೇಷನ್ ಬೇಡ." ರಂಜನಾ ಅದನ್ನೇ ಮೂರು ಸಲ ಕೇಳಿದಳು, ಅವರು ಮೂರು ಸಲವೂ ಬೇಡ ಎಂದರು. ಹೊರಗೆ ಬಂದು ಕಣ್ಣೊರೆಸಿಕೊಂಡಳು.

ಸ್ಕೂಟರಿನ ಹತ್ತಿರ ಶಿವಾನಿ ಬೆನ್ನು ತಿರುಗಿಸಿ ನೆಟ್ಟಗೆ ನಿಂತಳು. "ಈಗ ಹೆಂಗ ಕಾಣತದ? ಖರೇ ಹೇಳು."

ಚೆಂದ ಕಾಣ್ತದ ಎನ್ನುವ ಮಾತು ಗಿರಾಕಿಗಳಿಗೆ ಹೇಳಿ ಹೇಳಿ ನಾಲಗೆಯ ತುದಿಯಲ್ಲೇ ಇತ್ತು. ರಂಜನಾ ಅದನ್ನು ನುಂಗಿದಳು.

"ಬಲಗಡೆ ಭುಜ ಇನ್ನೂ ಮ್ಯಾಲದ," ಎಂದಳು. "ಕಾಣತದ."

"ಹೂಂ," ಎಂದು ಶಿವಾನಿ ಹಿಂದೆ ಹತ್ತಿ ಕೂತು, ತಾಯಿಯ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.