ಶಿಕಾರಿ ನಾಯಿಯನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದದ್ದು

ಅಪ್ಪಯ್ಯನ ಶಿಕಾರಿ ನಾಯಿಯ ಬೀಜ ತೆಗೆಸಿದವಳು ನಾನು. ಕಡಹಿನಬೈಲಿನ ಸುತ್ತ ಆಗ ಹೋರಿಗಳಿಗೆ ಮಾಡಿಸುತ್ತಿದ್ದರೇ ಹೊರತು ನಾಯಿಗೆ ಮಾಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆರಡು ವರ್ಷ.

ಅಪ್ಪಯ್ಯ ತೋಟದ ಕೂಲಿ. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕೋಲೂರಿಕೊಂಡು ಅಂಗಳದವರೆಗೆ ಬರುವುದೇ ಹೆಚ್ಚಾಯಿತು. ಅವರ ಬದಲು ನಾನು ಕೂಲಿಗೆ ಹೋದೆ. ನಾಯಿಯೂ ನನ್ನ ಕೈಗೇ ಬಂತು. ಕಂದು ಬಣ್ಣದ, ಅಗಲ ಎದೆಯ, ಐದು ವರ್ಷದ ಗಂಡು. ಗದ್ದೆಗೆ ಇಳಿದ ಕಾಡುಹಂದಿಯನ್ನು ಅಡ್ಡಗಟ್ಟಿ, ಜನ ಬರುವ ತನಕ ಕದಲಲು ಬಿಡುತ್ತಿರಲಿಲ್ಲ. ಹಂದಿ ಬಿದ್ದ ದಿನ ನಾಯಿಯ ಪಾಲೆಂದೇ ಬೇರೆ ಮಾಂಸ ನಮ್ಮ ಮನೆಗೆ ಬರುತ್ತಿತ್ತು.

ಅಪ್ಪಯ್ಯ ಹೀಗೆ ಮೂಲೆ ಸೇರಿದ ಮೇಲೆ ಅದು ಯಾರ ಮಾತಿಗೂ ನಿಲ್ಲದಾಯಿತು. ಎಲ್ಲೋ ಹೆಣ್ಣು ನಾಯಿ ಬೆದೆಗೆ ಬಂದರೆ ನಾಲ್ಕು ದಿನ ನಾಪತ್ತೆ. ತಿರುಗಿ ಬರುವಾಗ ಕಿವಿ ಹರಿದು, ಕುತ್ತಿಗೆಯ ಗಾಯದಲ್ಲಿ ಹುಳು. ನಾನು ಟರ್ಪೆಂಟೈನ್ ಹಾಕಿ ಒಂದೊಂದೇ ಹುಳು ಹೆಕ್ಕುತ್ತಿದ್ದೆ. ಗಾಯ ಮಾಯುವಷ್ಟರಲ್ಲಿ ಮತ್ತೆ ಹೊರಡುತ್ತಿತ್ತು. ಪಕ್ಕದ ಮನೆಯವರ ನಾಯಿಯನ್ನು ಕಚ್ಚಿ ಕೊಂದೇ ಹಾಕಿತು. ಕೊನೆಗೊಂದು ಬೆಳಿಗ್ಗೆ, ಅದು ಉಣ್ಣುತ್ತಿದ್ದ ತಟ್ಟೆಯನ್ನು ದಾರಿಯಿಂದ ಸ್ವಲ್ಪ ಸರಿಸಲು ಹೋದ ಅಮ್ಮನ ಮುಂಗೈಗೇ ಬಾಯಿ ಹಾಕಿತು. ನಾಲ್ಕು ಹೊಲಿಗೆ ಬಿತ್ತು.

ಅಮ್ಮ ಕೂಗಾಡಲಿಲ್ಲ. "ಒಂದೋ ಅದು ಇರ್ಲಿ, ಇಲ್ಲ ನಾನು. ಅಪ್ಪ ಮಗಳು ಮಾತಾಡ್ಕಳಿ," ಎಂದು ಒಳಗೆ ಹೋದಳು.

ಮಾರನೆಯ ದಿನ ನಾನು ನರಸಿಂಹರಾಜಪುರದ ದನದ ಆಸ್ಪತ್ರೆಗೆ ಹೋಗಿ ಡಾಕ್ಟರರನ್ನು ಕೇಳಿದೆ. ಅವರು ಕೂರಿಸಿ, ನಾಯಿ ಏನೇನು ಮಾಡುತ್ತದೆ ಎಂದು ಎಲ್ಲ ಕೇಳಿಕೊಂಡರು.

"ಬೀಜ ತೆಗೆದ್ರೆ ಅಲೆಯೋದು, ಗಂಡು ನಾಯಿಗಳ ಜೊತೆ ಜಗಳ ಕಮ್ಮಿ ಆಗ್ಬಹುದು. ದೊಡ್ಡದಾದ ನಾಯಿ, ಪೂರ್ತಿ ಬಿಡ್ತದೆ ಅಂತ ಹೇಳಲ್ಲ," ಎಂದರು. "ಆದ್ರೆ ಅನ್ನದ ಹತ್ರ ಕಚ್ಚೋದಕ್ಕೂ ಬೀಜಕ್ಕೂ ಸಂಬಂಧ ಇಲ್ಲಮ್ಮ. ಅದನ್ನ ನೀನೇ ಕೂತು ಬಿಡಿಸ್ಬೇಕು."

"ಹಂದಿ ಹಿಡಿಯೋದು ಬಿಡ್ತದಾ?"

"ಮೂಗು ಎಲ್ಲೂ ಹೋಗಲ್ಲ."

ಸುದ್ದಿ ತಿಳಿದು, ಶಿಕಾರಿಗೆ ಕೋವಿ ತರುತ್ತಿದ್ದ ಊರಿನ ಹಿರಿಯರೊಬ್ಬರು ಮನೆಗೇ ಬಂದರು. "ಎಂತ ಮಾರಾಯ್ತಿ, ಬೀಜ ತೆಗ್ದ ನಾಯಿ ಒಲೆ ಬುಡದಲ್ಲಿ ಮಲಗ್ತದೆ ಅಷ್ಟೆ. ಬ್ಯಾಡ ಆದ್ರೆ ನಂಗೆ ಕೊಡು."

"ಕೊಟ್ರೆ ನಿಮ್ಮನೆ ಮೊಮ್ಮಕ್ಳಿಗೆ ಕಚ್ತದೆ. ಆಗ ಅದಕ್ಕೆ ಗುಂಡು ಹೊಡೆಯೋರೂ ನೀವೇ," ಎಂದೆ.

ಕಷ್ಟವಾದದ್ದು ಅಪ್ಪಯ್ಯನ ಮಾತು. ಆ ಮರಿಯನ್ನು ಸೀತೂರಿನಿಂದ ಟವೆಲಿನಲ್ಲಿ ಸುತ್ತಿಕೊಂಡು ತಂದವರು ಅವರು. "ನನ್ನ ಸೊಂಟ ಅಂತೂ ಹೋತು," ಎಂದರು. "ಅದಾದ್ರೂ ಪೂರ್ತಿ ಗಂಡಾಗಿ ಇರ್ಲಿ ಬಿಡು."

"ಸೊಂಟ ಮುರಿದ ಮೇಲೆ ನಿಮ್ಮನ್ನ ಯಾರಾದ್ರೂ ಕಮ್ಮಿ ಅಂದ್ರಾ ಅಪ್ಪಯ್ಯ?" ಎಂದು ಕೇಳಿದೆ. ಅವರು ಗೋಡೆಯ ಕಡೆ ತಿರುಗಿದರು. ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ಬೆಳಿಗ್ಗೆ ತಾವೇ ಅಂಗಳಕ್ಕೆ ಬಂದು ನಾಯಿಯ ಬಾಯಿಗೆ ಹಗ್ಗ ಸುತ್ತಿ, ಸರಪಳಿಯನ್ನು ನನ್ನ ಕೈಗೆ ಕೊಟ್ಟರು.

ಬಸ್ಸಿಗೆ ನಾಯಿಯನ್ನು ಹತ್ತಿಸುವುದಿಲ್ಲವೆಂದು ಗೊತ್ತಿತ್ತು, ನಡೆದೇ ಹೋದೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಸೂಜಿ ಚುಚ್ಚಿ ಎಚ್ಚರ ತಪ್ಪಿಸಿ ಕೊಯ್ಯುವಾಗ ಡಾಕ್ಟರು ನನ್ನನ್ನು ಹೊರಗೆ ಕಳಿಸಲಿಲ್ಲ, ತಲೆ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡೆ. ಸಂಜೆ ಎತ್ತಿನ ಗಾಡಿಯೊಂದರಲ್ಲಿ ಮನೆಗೆ ತಂದೆ.

ನಾಯಿ ಹೊಲಿಗೆ ನೆಕ್ಕಬಾರದು ಎಂದಿದ್ದರು. ಹಳೆಯ ಬಿದಿರು ಬುಟ್ಟಿಯ ತಳ ಕೊಯ್ದು ಅದರ ಕುತ್ತಿಗೆಗೆ ತೊಡಿಸಿದೆ. ಹೊಲಿಗೆ ಬಿಚ್ಚುವ ದಿನ ಡಾಕ್ಟರು ಆ ಬುಟ್ಟಿಯನ್ನು ತಿರುಗಿಸಿ ನೋಡಿ, "ಇದನ್ನ ಇಲ್ಲೇ ಬಿಟ್ಟು ಹೋಗು, ಬೇರೆಯವರಿಗೆ ತೋರಿಸ್ತೀನಿ," ಎಂದರು. ಅಷ್ಟು ಹೆಮ್ಮೆ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಆಮೇಲಿನ ಕೆಲಸ ನಿಧಾನದ್ದು. ತಟ್ಟೆಯನ್ನೇ ತೆಗೆದುಬಿಟ್ಟೆ. ಎರಡು ಹೊತ್ತೂ ಕೂತು ಉಂಡೆ ಕಟ್ಟಿ ಅಂಗೈಯಲ್ಲಿ ಉಣ್ಣಿಸಿದೆ. ಗುರ್ ಎಂದರೆ ಎದ್ದು ಹೋಗುತ್ತಿದ್ದೆ, ಸುಮ್ಮನಾದ ಮೇಲೆ ಮತ್ತೆ ಬಂದು ಕೂರುತ್ತಿದ್ದೆ. ಮೂರು ತಿಂಗಳು ಹೀಗೇ ಹೋಯಿತು. ಅಲೆಯುವುದು ಅಷ್ಟರಲ್ಲಿ ತಾನಾಗಿ ಕಡಿಮೆಯಾಗಿತ್ತು. ಆಮೇಲೊಂದು ದಿನ ಅಮ್ಮ, ಗಾಯದ ಕಲೆಯಿದ್ದ ಅದೇ ಕೈಯಲ್ಲಿ ತಾನಾಗಿ ಒಂದು ಉಂಡೆ ನೀಡಿದಳು. ನಾಯಿ ತುಟಿಯಿಂದ ಮೆಲ್ಲಗೆ ತೆಗೆದುಕೊಂಡಿತು.

ಭತ್ತ ಹಣ್ಣಾದ ಕಾಲಕ್ಕೆ, ಬೆಳ್ಳಂಬೆಳಿಗ್ಗೆ, ಕೆಳಗದ್ದೆಗೆ ಹಂದಿ ಇಳಿದಿತ್ತು. ನಾಯಿ ಸರಪಳಿ ಜಗ್ಗಿತು. ಬಿಟ್ಟೆ. ನಾನೂ ಊರವರೂ ಓಡಿ ತಲುಪುವಾಗ ಗದ್ದೆ ಸುತ್ತ ತೋಡಿದ ಅಗಳಿನ ಮೂಲೆಯಲ್ಲಿ ದೊಡ್ಡ ಸಲಗ ಹಂದಿಯನ್ನು ಒತ್ತರಿಸಿ ನಿಂತಿತ್ತು. ಕೋವಿಯ ಹಿರಿಯರು ಹಂದಿಗೆ ಗುಂಡು ಹೊಡೆದರು, ನನ್ನ ಮುಖ ನೋಡಲಿಲ್ಲ. ಆದರೆ ಆ ದಿನ ನಾಯಿಯ ಪಾಲನ್ನು ಅವರೇ ಹೊತ್ತು ತಂದರು, ಅಪ್ಪಯ್ಯನ ಹತ್ತಿರ ಹೋಗದೆ ನೇರ ನನ್ನ ಮುಂದೆ ಇಟ್ಟರು.

ಆ ನಾಯಿ ಮತ್ತೆ ಆರು ವರ್ಷ ಬದುಕಿತು. ಅಷ್ಟರಲ್ಲಿ ನಮ್ಮ ಕಡೆಯ ಬೇರೆಯವರೂ ತಮ್ಮ ನಾಯಿಗಳನ್ನು ಪೇಟೆಗೆ ನಡೆಸಿಕೊಂಡು ಹೋಗತೊಡಗಿದರು. ಹೋಗುವಾಗ, ತಲೆ ಹಿಡಿದುಕೊಳ್ಳಲು, ನನ್ನನ್ನು ಕರೆಯುತ್ತಿದ್ದರು. ನಾನು ಆ ದಿನದ ಕೂಲಿ ಬಿಟ್ಟು ಹೋಗುತ್ತಿದ್ದೆ.